ಉಟ್ಟ ಬಟ್ಟೆಗೆ ದಾನ ಬೇಡ, ದರ ಇರಲಿ

ಮಳೆಗಾಲ ಹಿಡಿಯುವುದೂ ಕಾಲೇಜಿನ ಬಾಗಿಲು ತೆರೆಯುವುದೂ ಕರಾವಳಿಯಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಸಂತೆಗುಳಿಯ ಕಡೆಯಿಂದ ಕುಮಟಾಕ್ಕೆ, ಗೇರುಸೊಪ್ಪೆಯ ಕಡೆಯಿಂದ ಹೊನ್ನಾವರಕ್ಕೆ, ಹಾಡುವಳ್ಳಿಯ ಕಡೆಯಿಂದ ಭಟ್ಕಳಕ್ಕೆ ಇಳಿಯುವ ಬೆಳಗಿನ ಬಸ್ಸುಗಳಲ್ಲಿ ಹಳ್ಳಿಯ ವಿದ್ಯಾರ್ಥಿಗಳು ತುಂಬಿರುತ್ತಾರೆ. ಅವರಲ್ಲಿ ಹಲವರನ್ನು ಪಾಠದ ಚಿಂತೆಗಿಂತ ಮೊದಲು ಕಾಡುವುದು ಬಟ್ಟೆಯ ಚಿಂತೆ. ಇರುವ ಮೂರು ಜೊತೆಯಲ್ಲಿ ಒಂದು ಮೈಮೇಲೆ, ಒಂದು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ, ಮತ್ತೊಂದು ಇನ್ನೂ ಒದ್ದೆ. ಹೊಗೆಯ ವಾಸನೆ ಹೊತ್ತ ಅಂಗಿಯನ್ನೇ ತೊಟ್ಟು ಪೇಟೆಯ ಸಹಪಾಠಿಗಳ ಪಕ್ಕದಲ್ಲಿ ಕುಳಿತುಕೊಳ್ಳಬೇಕಾದ ಹುಡುಗನ ಸಂಕೋಚವನ್ನು ಸಣ್ಣದೆಂದು ತಳ್ಳಿಹಾಕುವವರು ತಮ್ಮ ಹದಿನೆಂಟನೆಯ ವಯಸ್ಸನ್ನು ಮರೆತವರು. ಸಮವಸ್ತ್ರವಿರುವ ಕಾಲೇಜುಗಳಲ್ಲಿ ಈ ಸಂಕಟ ತುಸು ಕಡಿಮೆ, ಅಷ್ಟೆ. ಚೆಂದವಾಗಿ ಕಾಣಬೇಕೆಂಬ ಆಸೆಯನ್ನು ಕೊಳ್ಳುಬಾಕತನವೆಂದು ಹೀಗಳೆಯುವುದು ಪರಿಸರವಾದಿಗಳು ಆಗಾಗ ಮಾಡುವ ತಪ್ಪು. ಆಸೆ ತಪ್ಪಲ್ಲ, ಅದನ್ನು ಈಡೇರಿಸಿಕೊಳ್ಳಲು ಈಗ ಇರುವ ದಾರಿ ತಪ್ಪಾಗಿದೆ.

ಆ ದಾರಿ ಯಾವುದೆಂದು ಮೂರೂ ಪೇಟೆಗಳ ಜವಳಿ ಅಂಗಡಿಗಳ ಮುಂದೆ, ಸಂತೆಯ ತಾಡಪಾಲಿನ ಕೆಳಗೆ ತೂಗಿಬಿದ್ದಿರುವ ಅಗ್ಗದ ಉಡುಪುಗಳೇ ಹೇಳುತ್ತವೆ. ಅವುಗಳಲ್ಲಿ ಬಹುಪಾಲು ಪಾಲಿಯೆಸ್ಟರ್, ಅಥವಾ ಅದರ ಬೆರಕೆ. ಜನ ಇದನ್ನು ಕೊಳ್ಳುವುದು ಅಜ್ಞಾನದಿಂದಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲದಲ್ಲಿ, ಬೇಗ ಒಣಗುವ, ಬೂಸು ಹಿಡಿಯದ ಬಟ್ಟೆಯನ್ನು ಆರಿಸುವುದು ವಿವೇಕವೇ ಸರಿ. ಹತ್ತಿಯ ದಪ್ಪ ಅಂಗಿ ಆಷಾಢದಲ್ಲಿ ಮೂರು ದಿನವಾದರೂ ಒಣಗುವುದಿಲ್ಲವೆಂಬುದನ್ನು ಅರಿಯದೆ ಹತ್ತಿಯ ಗುಣಗಾನ ಮಾಡುವವರ ಮಾತಿಗೆ ಘಟ್ಟದ ತಪ್ಪಲಿನಲ್ಲಿ ಬೆಲೆಯಿಲ್ಲ. ಆದರೆ ಅಗ್ಗದ ಪಾಲಿಯೆಸ್ಟರ್ ಒಂದು ಮಳೆಗಾಲ ಕಳೆಯುವುದರೊಳಗೆ ಗುಂಜೆದ್ದು, ಹೊಲಿಗೆ ಬಿಚ್ಚಿ, ಮನೆಯ ಹಿಂದಿನ ಧರೆಗೆ ಹೋಗುತ್ತದೆ. ಅಲ್ಲಿ ಸುಟ್ಟರೆ ಪ್ಲಾಸ್ಟಿಕ್ಕಿನ ಹೊಗೆ. ಸುಡದೆ ಬಿಟ್ಟರೆ ಹಳ್ಳದ ನೀರಿನ ಪಾಲು. ಅದು ಪೆಟ್ರೋಲಿಯಮ್ಮಿನಿಂದ ಮಾಡಿದ ಪ್ಲಾಸ್ಟಿಕ್ಕೇ. ಪ್ರತಿ ತೊಳೆತದಲ್ಲೂ ಕಣ್ಣಿಗೆ ಕಾಣದ ಎಳೆಗಳನ್ನು ಉದುರಿಸುತ್ತದೆ. ಶರಾವತಿಗೂ ಅಘನಾಶಿನಿಗೂ ಸೇರುವ ಹಳ್ಳಗಳು ಈ ಎಳೆಗಳನ್ನು ಒಯ್ಯುವುದು ಅಳಿವೆಗೆ, ಜನ ಬಳಚು ಹೆಕ್ಕುವ ಜಾಗಕ್ಕೆ.

ಹತ್ತಿಯೇನೂ ಪರಿಶುದ್ಧವಲ್ಲ. ಒಂದು ಹತ್ತಿ ಟೀ ಷರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಇದೆಯೆಂಬುದು ಎಲ್ಲೆಡೆ ಉಲ್ಲೇಖಗೊಳ್ಳುವ ಅಂದಾಜು. ಜಗತ್ತಿನಲ್ಲಿ ತಯಾರಾಗುವ ಉಡುಪುಗಳ ಪ್ರಮಾಣ 2000ದಿಂದ 2015ರವರೆಗಿನ ಹದಿನೈದು ವರ್ಷಗಳಲ್ಲಿ ಸುಮಾರು ಇಮ್ಮಡಿಯಾಯಿತೆಂದೂ, ಉಡುಪಿಗೆ ಬಳಸಿದ ಪದಾರ್ಥದಲ್ಲಿ ಮರಳಿ ಉಡುಪಾಗುವುದು ಶೇಕಡಾ 1ಕ್ಕಿಂತ ಕಡಿಮೆಯೆಂದೂ ಎಲೆನ್ ಮ್ಯಾಕಾರ್ಥರ್ ಪ್ರತಿಷ್ಠಾನದ 2017ರ ವರದಿ ಹೇಳಿತ್ತು. ಹೀಗಿರುವಾಗ ಅತಿ ಕಡಿಮೆ ಹಾನಿಯ ಬಟ್ಟೆ ಯಾವುದು? ಈಗಾಗಲೇ ನೇಯ್ದು, ಹೊಲಿದು, ಯಾರದೋ ಕಪಾಟಿನಲ್ಲಿ ಸುಮ್ಮನೆ ಮಡಿಸಿಟ್ಟಿರುವ ಬಟ್ಟೆ. ಗಟ್ಟಿಯಾದ ಉಡುಪು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುವುದಾದರೆ ಹೊಸದರ ಬೆಲೆಯ ಒಂದಂಶಕ್ಕೆ ಒಳ್ಳೆಯ ಬಟ್ಟೆ ಸಿಗುತ್ತದೆ, ಧರೆಯ ಕೆಳಗೆ ಬೀಳುವ ಕಸವೂ ತಗ್ಗುತ್ತದೆ.

ಲೆಕ್ಕ ಇಷ್ಟು ಸರಳವಾಗಿದ್ದರೂ ವ್ಯವಹಾರ ಸರಳವಲ್ಲ. ‘ಇನ್ನೊಬ್ಬರು ಉಟ್ಟು ಬಿಟ್ಟಿದ್ದು’ ಎಂಬ ಮಾತಿನಲ್ಲಿ ಈ ನೆಲದ ಮನಸ್ಸಿಗೆ ಚುಚ್ಚುವ ಮುಳ್ಳೊಂದಿದೆ. ಅದು ಬರಿಯ ಮೈಲಿಗೆಯ ಭಾವನೆಯಲ್ಲ. ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಚಂಡಾಲರಿಗೆ ಹೆಣದ ಮೇಲಿನ ಬಟ್ಟೆಯನ್ನು ವಿಧಿಸುತ್ತದೆ. ಶೂದ್ರ ಸೇವಕನಿಗೆ ಎಂಜಲನ್ನವನ್ನೂ ಜೀರ್ಣವಾದ ಬಟ್ಟೆಯನ್ನೂ ಒಟ್ಟಿಗೇ ಕೊಡಬೇಕೆನ್ನುತ್ತದೆ. ಎಂಜಲು ಮತ್ತು ಹಳೆಯ ಬಟ್ಟೆ ಒಂದೇ ಸಾಲಿನಲ್ಲಿ ಬಂದಿರುವುದು ಆಕಸ್ಮಿಕವಲ್ಲ. ಒಡೆಯರ ಮನೆಯ ಹಳೆಯ ಸೀರೆ, ಹಳೆಯ ಪಂಚೆ ಹಬ್ಬದ ದಿನ ಹಿತ್ತಿಲ ಬಾಗಿಲಿನಿಂದ ಆಳುಮಕ್ಕಳ ಕೈಗೆ ಬರುತ್ತಿದ್ದ ಪದ್ಧತಿಯ ನೆನಪು ಅನೇಕ ಮನೆಗಳಲ್ಲಿ ಇನ್ನೂ ಮಾಸಿಲ್ಲ. ಮಹಾಡಿನಲ್ಲಿ 1927ರ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟ ಸಂದರ್ಭದಲ್ಲೇ ಅಂಬೇಡ್ಕರರು ಮಹಿಳೆಯರನ್ನು ಉದ್ದೇಶಿಸಿ, ಜಾತಿಯ ಗುರುತು ಹೇಳುವ ರೀತಿಯಲ್ಲಿ ಸೀರೆ ಉಡುವುದನ್ನು ಬಿಡುವಂತೆ ಕರೆ ಕೊಟ್ಟಿದ್ದರು. ಅವರು ಉಡುಪನ್ನು ಎಂದೂ ಸಣ್ಣ ವಿಷಯವೆಂದು ಎಣಿಸಲಿಲ್ಲ. ತನ್ನ ದುಡಿಮೆಯ ಹಣದಲ್ಲಿ ಹೊಸ ಅಂಗಿ ಕೊಳ್ಳುವ ಕೂಲಿಕಾರನ ಮಗನಿಗೆ ಆ ಅಂಗಿ ಬರಿಯ ಬಟ್ಟೆಯಲ್ಲ, ಹಿತ್ತಿಲ ಬಾಗಿಲಿನಿಂದ ದೂರ ಬಂದುದರ ಗುರುತು. ಈ ಸಂಗತಿಗೆ ಉತ್ತರ ಹೇಳದೆ ಹಳೆಯ ಬಟ್ಟೆಯ ಮಹಿಮೆಯನ್ನು ಸಾರುವುದು ಹೊಟ್ಟೆ ತುಂಬಿದವರ ಉಪದೇಶವಾಗುತ್ತದೆ. ಬೆಂಗಳೂರಿನಂಥ ನಗರಗಳಲ್ಲಿ ಉಳ್ಳವರ ಮಕ್ಕಳು ‘ಥ್ರಿಫ್ಟ್’ ಎಂಬ ಹೆಸರಿನಲ್ಲಿ ಬಳಸಿದ ಬಟ್ಟೆಯನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಉಳ್ಳವರು ತೊಟ್ಟರೆ ಅದು ಶೈಲಿ. ಇಲ್ಲದವರು ತೊಟ್ಟರೆ ಅದೇ ಅಂಗಿ ಬಡತನ.

ಹಾಗಾದರೆ ಇನ್ನೊಬ್ಬರು ಬಳಸಿದ ವಸ್ತುವೆಲ್ಲ ಇಲ್ಲಿ ಕೀಳೇ? ಅಲ್ಲ. ಹಳೆಯ ಪಠ್ಯಪುಸ್ತಕವನ್ನು ಅರ್ಧ ಬೆಲೆಗೆ ಕೊಳ್ಳಲು ಯಾವ ವಿದ್ಯಾರ್ಥಿಯೂ ನಾಚುವುದಿಲ್ಲ. ಹಿಂದಿನವರು ಗೆರೆ ಎಳೆದು ಗುರುತು ಮಾಡಿದ ಪುಸ್ತಕವಾದರೆ ಇನ್ನೂ ಮೇಲು. ಸೆಕೆಂಡ್ ಹ್ಯಾಂಡ್ ಬೈಕನ್ನು ಊರೆಲ್ಲ ಮೆರೆಸುತ್ತಾರೆ. ಯಕ್ಷಗಾನದ ನಾಡಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗುಣವಂತೆಯಲ್ಲಿ 1934ರಲ್ಲಿ ಹುಟ್ಟಿದ ಕೆರೆಮನೆ ಮೇಳದಂಥ ಮೇಳಗಳು ವೇಷಕ್ಕೆ ತಂದುಕೊಟ್ಟ ಗೌರವವನ್ನು ಹೊನ್ನಾವರದ ಮಕ್ಕಳಿಗೂ ವಿವರಿಸಿ ಹೇಳಬೇಕಾಗಿಲ್ಲ. ಊರಿನ ಹವ್ಯಾಸಿಗಳು ಆಟ ಕಟ್ಟುವಾಗ ವೇಷಭೂಷಣ ಬರುವುದು ಬಾಡಿಗೆಗೆ. ನಿನ್ನೆ ಮತ್ತೊಂದು ಊರಿನಲ್ಲಿ ಮತ್ತೊಬ್ಬನ ಬೆವರು ಕುಡಿದ ದಗಲೆ, ಹತ್ತಾರು ತಲೆಗಳನ್ನು ಕಂಡ ಕಿರೀಟ. ಅದನ್ನು ಕಟ್ಟಿಕೊಂಡು ರಂಗಸ್ಥಳಕ್ಕೆ ಬಂದ ಕೌರವನನ್ನು ನೋಡಿ ‘ಹಳೆಯ ಬಟ್ಟೆ ಹಾಕಿದ್ದಾನೆ’ ಎಂದು ನಕ್ಕವರುಂಟೇ? ಅಲ್ಲಿ ಬಟ್ಟೆ ಬಂದದ್ದು ದಾನವಾಗಿ ಅಲ್ಲ, ಬಾಡಿಗೆ ಕೊಟ್ಟು. ವ್ಯತ್ಯಾಸವಿರುವುದು ಬಟ್ಟೆ ಹಳೆಯದೋ ಹೊಸದೋ ಎಂಬುದರಲ್ಲಲ್ಲ, ಅದು ಕೈಗೆ ಬಂದ ಬಗೆಯಲ್ಲಿ. ಬೆಲೆ ಕೊಟ್ಟವನು ಆರಿಸುತ್ತಾನೆ, ಬೇಡವೆನ್ನುತ್ತಾನೆ, ಚೌಕಾಸಿ ಮಾಡುತ್ತಾನೆ, ಯಾರಿಗೂ ಋಣಿಯಾಗದೆ ಎದ್ದು ಹೋಗುತ್ತಾನೆ. ದಾನ ಪಡೆದವನಿಗೆ ಇದಾವುದೂ ಇಲ್ಲ.

ದಾನದ ಇನ್ನೊಂದು ಮುಖವನ್ನೂ ನೋಡಬೇಕು. 2004ರ ಡಿಸೆಂಬರಿನ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಲಾರಿಗಟ್ಟಲೆ ಹಳೆಯ ಬಟ್ಟೆ ಹರಿದುಬಂತು. ಹರಿದದ್ದು, ಹೊಲಸಾದದ್ದು, ಮೀನುಗಾರರು ಉಡಲಾರದ್ದು ಎಲ್ಲವೂ ರಸ್ತೆಬದಿಯಲ್ಲಿ ರಾಶಿಯಾಗಿ ಬಿದ್ದಿತ್ತು. ಕೊಟ್ಟವರು ಪುಣ್ಯ ಕಟ್ಟಿಕೊಂಡಿದ್ದರು. ಕಸ ಎತ್ತಬೇಕಾದವರು ಮನೆ ಕಳೆದುಕೊಂಡವರಾಗಿದ್ದರು. ಆ ರಾಶಿಯನ್ನು ಬೇರ್ಪಡಿಸಿ ಬಳಕೆಗೆ ತರಲು ಶ್ರಮಿಸಿದವರಲ್ಲಿ ಅಂಶು ಗುಪ್ತ ಅವರು 1999ರಲ್ಲಿ ಕಟ್ಟಿದ ‘ಗೂಂಜ್’ ಸಂಸ್ಥೆಯೂ ಒಂದು. ಗ್ರಾಮಸ್ಥರು ಬಾವಿ ತೋಡಿ, ರಸ್ತೆ ದುರಸ್ತಿ ಮಾಡಿ, ಆ ದುಡಿಮೆಗೆ ಪ್ರತಿಫಲವಾಗಿ ಬಟ್ಟೆ ಪಡೆಯುವ ಕ್ರಮವನ್ನು ಗೂಂಜ್ ರೂಢಿಸಿತು. ಅಂಶು ಗುಪ್ತರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಉಡುಪು ಭಿಕ್ಷೆಯಾಗಬಾರದೆಂಬ ಅವರ ತಿಳಿವಳಿಕೆ ಪ್ರಶಸ್ತಿಗಿಂತ ಮುಖ್ಯವಾದದ್ದು.

ದೇಶದೇಶಗಳ ನಡುವೆಯೂ ಇದೇ ಕಥೆ. ಘಾನಾ ದೇಶದ ಅಕ್ರಾ ನಗರದ ಕಂಟಮಾಂಟೊ ಮಾರುಕಟ್ಟೆಗೆ ಶ್ರೀಮಂತ ರಾಷ್ಟ್ರಗಳಿಂದ ವಾರಕ್ಕೆ ಸುಮಾರು 1.5 ಕೋಟಿ ಹಳೆಯ ಉಡುಪುಗಳು ಬರುತ್ತವೆಂಬ ಅಂದಾಜಿದೆ. ಅಲ್ಲಿನವರು ಅವನ್ನು ಕರೆಯುವುದು ‘ಸತ್ತ ಬಿಳಿಯನ ಬಟ್ಟೆ’ ಎಂಬರ್ಥದ ಹೆಸರಿನಿಂದ. ಇಷ್ಟು ಒಳ್ಳೆಯ ಬಟ್ಟೆಯನ್ನು ಬದುಕಿರುವವರು ಬಿಟ್ಟುಕೊಟ್ಟಾರೇ ಎಂಬ ಅಚ್ಚರಿ ಆ ಹೆಸರಿನಲ್ಲಿತ್ತಂತೆ. ಈಗ ಬರುವ ಮಾಲಿನಲ್ಲಿ ಬಹಳಷ್ಟು ಮಾರಾಟಕ್ಕೆ ಯೋಗ್ಯವಲ್ಲದೆ ಚರಂಡಿಗೂ ಸಮುದ್ರ ತೀರಕ್ಕೂ ಸೇರುತ್ತಿದೆ. ಭಾರತದಲ್ಲಿ ಹಳೆಯ ಉಡುಪಿನ ಆಮದಿಗೆ ಪರವಾನಗಿ ಬೇಕೆಂಬ ನಿರ್ಬಂಧವಿದೆ, ಅದು ಸಡಿಲವಾಗದಿರಲಿ. ಹೀಗಾಗಿ ಮೂರು ತಾಲ್ಲೂಕುಗಳಲ್ಲಿ ಇಂಥ ಅಂಗಡಿ ಹುಟ್ಟುವುದಾದರೆ ಮೊದಲ ನಿಯಮ ಸ್ಪಷ್ಟವಾಗಿರಬೇಕು: ಮಾಲು ಸ್ಥಳೀಯ ಮನೆಗಳಿಂದಲೇ ಬರಬೇಕು, ಮಹಾನಗರಗಳ ತಿರಸ್ಕೃತ ಗಂಟುಗಳಿಂದಲ್ಲ.

ಸ್ಥಳೀಯ ಮನೆಗಳಲ್ಲಿ ಬಟ್ಟೆಗೇನು ಕೊರತೆ? ಒಂದು ಮದುವೆಗೆಂದು ಕೊಂಡು ಪೆಟ್ಟಿಗೆ ಸೇರಿದ ರೇಷ್ಮೆ ಸೀರೆಗಳಿವೆ. ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುವವರ ಸೂಟ್‌ಕೇಸಿನಲ್ಲಿ ಬಂದು, ಅಳತೆ ಹೊಂದದೆ ಉಳಿದ ಅಂಗಿ-ಪ್ಯಾಂಟುಗಳು ಭಟ್ಕಳದಲ್ಲೂ ಹೊನ್ನಾವರದಲ್ಲೂ ಬೇಕಾದಷ್ಟಿವೆ. ಮಕ್ಕಳ ಬಟ್ಟೆಯಂತೂ ಹರಿಯುವ ಮೊದಲೇ ಗಿಡ್ಡವಾಗುತ್ತದೆ. ಇವೆಲ್ಲ ಈಗ ಹೋಗುವುದು ಪಾತ್ರೆ, ಬಕೆಟ್ಟು ಕೊಟ್ಟು ಹಳೆಯ ಬಟ್ಟೆ ಒಯ್ಯುವವರ ಗಂಟಿಗೆ, ಇಲ್ಲವೇ ನೆಲ ಒರೆಸುವುದಕ್ಕೆ. ಪಾತ್ರೆಯ ವ್ಯಾಪಾರವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಹಳೆಯ ಸೀರೆಗೂ ಒಂದು ಬೆಲೆಯಿದೆಯೆಂದು ಗೃಹಿಣಿಯರಿಗೆ ಕಲಿಸಿದವರು ಆ ವ್ಯಾಪಾರಿಗಳೇ. ಕೆಲವರು ತೀರ್ಥಕ್ಷೇತ್ರಗಳಲ್ಲಿ ಮಿಂದು ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟು ಬರುತ್ತಾರೆ. ಇದನ್ನು ತಡೆಯಬೇಕೆಂದು ರಾಜ್ಯದ ಪರಿಸರ ಸಚಿವ ಈಶ್ವರ ಖಂಡ್ರೆಯವರು 2025ರ ಮಾರ್ಚಿನಲ್ಲಿ ಅಧಿಕಾರಿಗಳಿಗೆ ಸೂಚಿಸಿದ್ದರು. ಪಾಪ ಕಳೆಯಿತೋ ಇಲ್ಲವೋ, ಪಾಲಿಯೆಸ್ಟರ್ ಮಾತ್ರ ನದಿಯಲ್ಲಿ ಉಳಿಯುತ್ತದೆ.

ಅಂಗಡಿಯನ್ನು ಸ್ತ್ರೀಶಕ್ತಿ ಗುಂಪುಗಳು ನಡೆಸಬಹುದು, ಕಾಲೇಜಿನ ವಿದ್ಯಾರ್ಥಿ ಸಂಘಗಳು ನಡೆಸಬಹುದು. ತಂದವರಿಗೆ ಒಂದಿಷ್ಟು ಹಣ, ನಡೆಸುವವರಿಗೆ ಒಂದಿಷ್ಟು. ಕೊಳ್ಳುವವರಿಗೆ ಹೊಸದರ ಕಾಲು ಬೆಲೆಯನ್ನು ಮೀರದ ದರ. ಬಿಸಿನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಇಸ್ತ್ರಿ ಮಾಡದ ಬಟ್ಟೆ ಮಾರಾಟಕ್ಕೆ ಬರಕೂಡದು. ಒಳ ಉಡುಪು ಬೇಡವೇ ಬೇಡ. ಮುಖ್ಯವಾಗಿ ತೊಟ್ಟು ನೋಡಲು ಪರದೆಯ ಮರೆ ಮತ್ತು ಆಳೆತ್ತರದ ಕನ್ನಡಿ ಇರಬೇಕು. ದಾನದ ಗಂಟಿನ ಮುಂದೆ ಯಾರೂ ಕನ್ನಡಿ ಇಟ್ಟದ್ದಿಲ್ಲ.

ಕೊಳ್ಳುವವರಿಗೂ ಕೆಲವು ಜಾಣತನ ಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸವೆದ ಜಾಗ ತಾನೇ ತೋರುತ್ತದೆ. ಕಾಲರಿನ ಮಡಿಕೆ, ಕಂಕುಳು, ಜಿಪ್ಪು, ಮೊಣಕಾಲು ಮೊದಲು ನೋಡತಕ್ಕ ಜಾಗಗಳು. ಒಳಗಿನಿಂದ ಒಂದು ಎಳೆ ಕಿತ್ತು ಉರಿಗೆ ಹಿಡಿದರೆ ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿದ್ದರೆ ಅಂಗಿಯನ್ನು ಅಗಲ ಮಾಡಿಸಬಹುದು. ಬೆಳೆಯುವ ಮಕ್ಕಳಿಗೆಂದು ಮಡಿಕೆ ಬಿಟ್ಟು ಹೊಲಿಸುತ್ತಿದ್ದ ಹಿರಿಯರ ಲೆಕ್ಕಾಚಾರ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಶೈಲಿ ಎನ್ನುವುದು ಅರ್ಧಪಾಲು ಅಳತೆಯಲ್ಲಿದೆ. ಸಿದ್ಧ ಉಡುಪಿನ ಅಂಗಡಿಗಳಿಂದಾಗಿ ಕೆಲಸ ಕಡಿಮೆಯಾಗಿರುವ ಊರಿನ ದರ್ಜಿಯ ಕೈಯಲ್ಲಿ ಸೊಂಟ, ತೋಳು ಸರಿಮಾಡಿಸಿಕೊಂಡ ಹಳೆಯ ಅಂಗಿ, ಮೈಗೆ ಒಗ್ಗದ ಹೊಸ ಅಂಗಿಗಿಂತ ಚೆನ್ನಾಗಿ ಕೂರುತ್ತದೆ. ಅಗ್ಗವೆಂದು ಹತ್ತು ಹೊತ್ತು ತಂದರೆ ಮಾತ್ರ ಅದು ಹೊಸ ಬಗೆಯ ಕೊಳ್ಳುಬಾಕತನವೇ.

ತೊಡಲಾಗದಷ್ಟು ಸವೆದದ್ದನ್ನು ಏನು ಮಾಡಬೇಕೆಂಬುದಕ್ಕೆ ಉತ್ತರವೂ ಇದೇ ಜಿಲ್ಲೆಯಲ್ಲಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹಳೆಯ ಸೀರೆ, ಅಂಗಿಗಳ ತುಂಡುಗಳಿಂದ ಕವಂದಿ ಹೊಲಿಯುತ್ತಾರೆ. ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವಿಟ್ಟ ಮೇಲೆಯೇ ಅದು ಪೂರ್ಣ. ಮನೆಯ ಚಳಿಗೆಂದು ಹುಟ್ಟಿದ ಈ ಹೊದಿಕೆಗಳು ಈಗ ದೂರದ ನಗರಗಳಲ್ಲೂ ಹೊರದೇಶಗಳಲ್ಲೂ ಕಲಾಕೃತಿಗಳಾಗಿ ಪ್ರದರ್ಶನಗೊಂಡು, ತಕ್ಕ ಬೆಲೆಗೆ ಮಾರಾಟವಾಗುತ್ತಿವೆ. ಅಂಗಡಿಯಲ್ಲಿ ಉಳಿದ ಚಿಂದಿಯನ್ನು ಅಂಥ ಕೈಗಳಿಗೆ ಮುಟ್ಟಿಸುವುದು ಅಸಾಧ್ಯವೇನಲ್ಲ.

ಆರಂಭಕ್ಕೆ ಮಳೆಗಾಲ ತಕ್ಕ ಹೊತ್ತಲ್ಲ. ಬಟ್ಟೆ ರಾಶಿ ಹಾಕಿದರೆ ವಾರದಲ್ಲಿ ಬೂಸು ಹಿಡಿದೀತು. ದೀಪಾವಳಿ ಕಳೆದು ಬಿಸಿಲು ನಿಂತ ಮೇಲೆ, ಮೂರೂ ಪೇಟೆಗಳಲ್ಲಿ ವಾರದ ಸಂತೆಯ ದಿನ ಒಂದೊಂದು ಮೇಜು ಹಾಕಿ ನೋಡಬಹುದು. ಆ ಮೇಜಿನ ಮೊದಲ ಗಿರಾಕಿಗಳು ಸಂಘದ ಕಾರ್ಯಕರ್ತರೇ ಆಗಿರಬೇಕು. ಎಲ್ಲರೆದುರು ದುಡ್ಡು ಕೊಟ್ಟು ಕೊಂಡು, ಮರುದಿನ ಅದನ್ನೇ ತೊಟ್ಟು ಸಭೆಗೆ ಬರಬೇಕು.