ಅಲ್ಲಿಗೆ ಯಾಕೆ ಹೋದದ್ದು?

ಬಸವಕಲ್ಯಾಣದಲ್ಲಿ ನಮ್ಮ ಕಡೆಯ ಕಾಕ ಒಬ್ಬರ ಬೇಕರಿ ಉಂಟು. ಬಂಟ್ವಾಳದ ಕಡೆಯವರು, ಊರು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಮಕ್ಕಳಿಗೆ ಈಗ ಬ್ಯಾರಿ ಭಾಷೆಗಿಂತ ಉರ್ದುವೇ ಸಲೀಸು. ಅವರ ಮಗಳ ಮದುವೆಗೆಂದು ನಾವು ಕೆಲವರು ಹುಮನಾಬಾದ್‌ನಲ್ಲಿ ಬಸ್ಸಿಳಿದು ಅಲ್ಲಿಗೆ ಹೋಗಿದ್ದೆವು. ಸಂಜೆ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಹೆಂಗಸು ಚಿಕ್ಕ ಮಗುವಿನ ಜೊತೆ ಬ್ರೆಡ್ ತೆಗೆದುಕೊಳ್ಳಲು ಬಂದರು. ಮಗುವಿನ ಕಣ್ಣು ಮಿಠಾಯಿ ಬರಣಿಯ ಮೇಲೆಯೇ ಇತ್ತು. ಕಾಕ ಒಂದು ಚಾಕಲೇಟ್ ತೆಗೆದರು. ಮಗುವಿನ ಕೈಗೆ ಕೊಡಲಿಲ್ಲ, ತಾಯಿಯ ಕೈಗೆ ಕೊಟ್ಟರು.

ಯಾಕೆ ಹಾಗೆ ಎಂದು ಕೇಳಿದೆವು. ‘ಮುರ್ಕಿಯ ಗಲಾಟೆ ಆದ ಮೇಲೆ ಹಾಗೆಯೇ ಮಾರಾಯ್ರೆ’ ಅಂದರು.

ಮುರ್ಕಿ ಇದೇ ಬೀದರ್ ಜಿಲ್ಲೆಯ ಒಂದು ಹಳ್ಳಿ. 2018ರ ಜುಲೈ 13, ಶುಕ್ರವಾರ. ಹೈದರಾಬಾದಿನ ಕೆಲವು ಯುವಕರು ಹಂದಿಕೇರಾ ಎಂಬ ಊರಿನಲ್ಲಿದ್ದ ಗೆಳೆಯನನ್ನು ನೋಡಲು ಕಾರಿನಲ್ಲಿ ಬಂದಿದ್ದರು. ಅವರೊಟ್ಟಿಗೆ ಕತಾರ್ ದೇಶದ ಒಬ್ಬರೂ ಇದ್ದರು. ದಾರಿಯಲ್ಲಿ ಸಿಕ್ಕಿದ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಆ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತುತ್ತಿತ್ತು. ಇವರ ಕಾರಿನ ವಿಷಯ ಮುಂದಿನ ಊರಿಗೆ ಮೊಬೈಲಿನಲ್ಲಿ ಇವರಿಗಿಂತ ಮೊದಲೇ ತಲುಪಿತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಕಾರು ಮಗುಚಿತು. ಹೊರಗೆ ಎಳೆದು ಹೊಡೆದರು. ಒಬ್ಬ ಯುವ ಇಂಜಿನಿಯರ್ ಅಲ್ಲಿಯೇ ಜೀವ ಕಳೆದುಕೊಂಡ. ಉಳಿದವರನ್ನು ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಯಾವ ಮಗುವೂ ಕಾಣೆಯಾಗಿರಲಿಲ್ಲ, ಅಪಹರಣ ಎಂಬುದೇ ನಡೆದಿರಲಿಲ್ಲ.

ಆದರೆ ಕಾಕನಿಗೆ ಹೆಚ್ಚು ನೋವಾದದ್ದು ಬೇರೆ ವಿಷಯಕ್ಕೆ. ಘಟನೆಯಾದ ಮರುದಿನ ಅಂಗಡಿಗೆ ಬಂದವರೆಲ್ಲ ಒಂದೇ ಮಾತು ಕೇಳಿದರಂತೆ: ‘ಅಲ್ಲಿಗಿ ಯಾಕ ಹೋಗಿದ್ರು ಅವ್ರು?’ ಹೊಡೆದವರು ಯಾಕೆ ಹೊಡೆದರು ಎಂದು ಕೇಳಿದವರು ಕಡಿಮೆ. ನಮ್ಮ ಊರಿನಿಂದ ಫೋನ್ ಮಾಡಿದ ನೆಂಟರೂ, ನಮ್ಮವರೇ, ಅದನ್ನೇ ಕೇಳಿದರಂತೆ. ಗುರುತಿಲ್ಲದ ಮಕ್ಕಳಿಗೆ ಚಾಕಲೇಟ್ ಕೊಡಲು ಯಾಕೆ ಹೋಗಬೇಕಿತ್ತು? ಕಾಕ ನಮ್ಮ ಮುಖ ನೋಡಿ ಹೇಳಿದರು: ‘ನಾಳೆ ನನಗೆ ಏನಾದರೂ ಆದರೆ ನೀವೂ ಊರಲ್ಲಿ ಕೂತು ಕೇಳ್ತೀರಿ, ಅವ ಬಸವಕಲ್ಯಾಣಕ್ಕೆ ಯಾಕೆ ಹೋದದ್ದು ಅಂತ.’

ಆ ಮಾತು ನಮ್ಮ ತಲೆಯಿಂದ ಹೋಗಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಇಡೀ ರಾತ್ರಿ ಅದೇ ಮಾತು. ಆಗ ನಮ್ಮಲ್ಲಿ ಹಿರಿಯರೊಬ್ಬರು ನೆನಪಿಸಿದ್ದು ಗಾಜನೂರನ್ನು.

ನಲ್ವತ್ತು ದಾಟಿದವರಿಗೆಲ್ಲ ಆ ದಿನಗಳು ನೆನಪಿರಬಹುದು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ತೋಟದ ಮನೆಗೆ ನುಗ್ಗಿ ಡಾ. ರಾಜ್‌ಕುಮಾರ್ ಅವರನ್ನು ಕರೆದುಕೊಂಡು ಹೋದ. ಜೊತೆಗೆ ಅಳಿಯ ಗೋವಿಂದರಾಜು, ನಾಗೇಶ್ ಮತ್ತು ನಾಗಪ್ಪ ಮಾರಡಗಿ. ರಾಜ್‌ಗೆ ಆಗ 71 ವರ್ಷ. 108 ದಿನ ಕಾಡಿನಲ್ಲಿದ್ದರು. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ಕ್ಯಾಸೆಟ್ ಬಂತು, ‘ನಕ್ಕೀರನ್’ ಗೋಪಾಲ್ ಕಾಡಿಗೆ ಹೋದರು, ಬಂದರು, ಮತ್ತೆ ಹೋದರು. ಚಿತ್ರಮಂದಿರಗಳಿಗೆ ಬೀಗ ಬಿತ್ತು. ಬೆಂಗಳೂರಿನ ತಮಿಳರು ಮನೆಯಿಂದ ಹೊರಗೆ ಬರಲು ಹೆದರುತ್ತಿದ್ದರು.

ಆ ಮೂರೂವರೆ ತಿಂಗಳು ನಾಡಿನ ಹೋಟೆಲು, ಬಸ್ ಸ್ಟ್ಯಾಂಡು, ಸೆಲೂನುಗಳಲ್ಲಿ ನಡೆದ ಮಾತುಗಳನ್ನು ಯಾರೂ ದಾಖಲೆ ಮಾಡಿಲ್ಲ. ಆದರೆ ಕೇಳಿದವರಿಗೆ ಗೊತ್ತುಂಟು. ಕಾಡಿನ ಅಂಚಿನಲ್ಲಿ ರಾತ್ರಿ ಉಳಿದುಕೊಂಡದ್ದು ಯಾಕೆ? ಪೊಲೀಸರಿಗೆ ಹೇಳದೆ ಹೋದದ್ದು ಯಾಕೆ? ಮೊದಲೇ ಎಚ್ಚರಿಕೆ ಕೊಟ್ಟಿದ್ದರಂತಲ್ಲ? ಗಾಜನೂರು ಅವರು ಹುಟ್ಟಿ ಬೆಳೆದ ನೆಲ. ಸ್ವಂತ ಊರಿನಲ್ಲಿ, ಸ್ವಂತ ಮನೆಯಲ್ಲಿ, ಹೆಂಡತಿ ಪಕ್ಕದಲ್ಲಿರುವಾಗ ಬಂದೂಕು ತೋರಿಸಿ ಕರೆದೊಯ್ದದ್ದು. ಅದಕ್ಕೂ ‘ಅಲ್ಲಿಗೆ ಯಾಕೆ ಹೋದದ್ದು’ ಎಂಬ ಪ್ರಶ್ನೆಯೇ. ಬಿಡುಗಡೆಯಾದ ಮೇಲೆ ಮತ್ತೊಂದು ಶುರುವಾಯಿತು: ಎಷ್ಟು ಕೋಟಿ ಕೊಟ್ಟರಂತೆ? ಹಣ ಹೋಗಿದೆ ಎಂದು ಆಗಿನ ಡಿಜಿಪಿ ಸಿ. ದಿನಕರ್ ಮುಂದೆ ಪುಸ್ತಕವನ್ನೇ ಬರೆದರು. ಸರಕಾರವನ್ನು ಕೇಳಬೇಕಾದ ಪ್ರಶ್ನೆ ಅದು, ಕೇಳಿದ್ದು ಸರಿಯೇ. ಆದರೆ ಕಟ್ಟೆಯ ಮೇಲೆ ಕೂತವರು ಅದನ್ನು ಕೇಳುತ್ತಿದ್ದ ಧಾಟಿ ನೋಡಿದರೆ ಕಾಡಿಗೆ ಹೋಗಿ ಬಂದ ಮುದುಕನೇ ಏನೋ ಲಾಭ ಮಾಡಿಕೊಂಡ ಹಾಗಿತ್ತು.

ಈ ಕಥೆಯಲ್ಲಿ ನಮ್ಮವರೊಬ್ಬರಿದ್ದಾರೆ. ಅವರನ್ನು ನಮ್ಮ ಪುಟಗಳೂ ಬೇಗ ಮರೆತುಬಿಟ್ಟವು.

ಮೈಸೂರಿನ ನಿವೃತ್ತ ಡಿವೈಎಸ್‌ಪಿ ಅಬ್ದುಲ್ ಕರೀಂ. ಅವರ ಮಗ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ತಂಡ ಹೊಂಚು ಹಾಕಿ ನಡೆಸಿದ ದಾಳಿಯಲ್ಲಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ಕೊಲೆಯಾದವರು. ರಾಜ್ ಅವರನ್ನು ಬಿಡಬೇಕಾದರೆ ಮೈಸೂರು ಜೈಲಿನಲ್ಲಿರುವ ಟಾಡಾ ಕೈದಿಗಳನ್ನು ಬಿಡಿ ಎಂದು ವೀರಪ್ಪನ್ ಕೇಳಿದ. ಸರಕಾರ ಒಪ್ಪಿ ಕೇಸು ಹಿಂದೆ ತೆಗೆದುಕೊಳ್ಳಲು ಹೊರಟಿತು. ಆಗ ಈ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟ್ ಬಿಡುಗಡೆಗೆ ತಡೆ ಕೊಟ್ಟಿತು. ನವೆಂಬರ್ 7ರಂದು ತೀರ್ಪು ಬಂತು, ಸರಕಾರದ ಕ್ರಮ ನಿಲ್ಲುವುದಿಲ್ಲ ಎಂದು.

ಆ ದಿನಗಳಲ್ಲಿ ಅವರ ಬಗ್ಗೆ ಕೇಳಿಬಂದ ಮಾತು ಸಣ್ಣದಲ್ಲ. ಅಣ್ಣಾವ್ರ ಜೀವಕ್ಕೆ ಇವನು ಅಡ್ಡ ಬಂದ ಎಂದು ಹೇಳಿದವರಿದ್ದರು. ಈಗಲೇ ಯಾಕೆ ಕೋರ್ಟಿಗೆ ಹೋದದ್ದು ಎಂದು ಕೇಳಿದವರಿದ್ದರು. ಹೆಸರು ಅಬ್ದುಲ್ ಕರೀಂ ಆದ ಕಾರಣ ಆ ಪ್ರಶ್ನೆಗೆ ಇನ್ನೊಂದು ಬಾಲವೂ ಸೇರಿಕೊಂಡಿತು. ಅದನ್ನು ಇಲ್ಲಿ ಬರೆಯುವುದು ಬೇಡ, ಓದುವವರಿಗೆ ಗೊತ್ತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆಗ ನಮ್ಮ ಮನೆಗಳಲ್ಲಿಯೂ ಹೆದರಿಕೆ ಇತ್ತು. ‘ಇವರಿಗೆ ಬೇರೆ ಸಮಯ ಸಿಗಲಿಲ್ಲವಾ, ಸುಮ್ಮನೆ ಇರಬಾರದಿತ್ತಾ’ ಎಂದು ನಮ್ಮ ಹಿರಿಯರೇ ಹೇಳಿದ್ದನ್ನು ನಾವು ಕೇಳಿದ್ದೇವೆ. ಮಗನನ್ನು ಕಳೆದುಕೊಂಡ ತಂದೆ ಕಾನೂನಿನ ಬಾಗಿಲು ತಟ್ಟಿದ್ದೇ ತಪ್ಪು ಎಂದು ನಾವೂ ತಲೆ ಆಡಿಸಿದೆವು. ತೀರ್ಪು ಬಂದ ಎಂಟನೇ ದಿನ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾಗಿ ಬಂದರು. ಕರೀಂ ಸಾಹೇಬರನ್ನು ಬಯ್ದವರು ಯಾರೂ ಹೋಗಿ ಕ್ಷಮೆ ಕೇಳಿದ ಸುದ್ದಿ ನಾವಂತೂ ಓದಲಿಲ್ಲ.

ಹಾಗೆಂದು ಜೈಲಿನಲ್ಲಿದ್ದವರೆಲ್ಲ ಅಪರಾಧಿಗಳೇ ಎಂದಲ್ಲ. 1993ರ ಹೊತ್ತಿಗೆ ಹಿಡಿದು ಹಾಕಿದ್ದ ಆ ಬಡ ಹಳ್ಳಿಗರಲ್ಲಿ ಬಹುಪಾಲು ಜನರನ್ನು 2001ರಲ್ಲಿ ಟಾಡಾ ಕೋರ್ಟೇ ಬಿಡುಗಡೆ ಮಾಡಿತು. ಅಷ್ಟು ವರ್ಷ ಅವರನ್ನೂ ಜನ ‘ಸುಮ್ಮನೆ ಹಿಡಿಯುತ್ತಾರಾ, ಏನಾದರೂ ಮಾಡಿರಬೇಕು’ ಎಂದೇ ಹೇಳುತ್ತಿದ್ದರು. ಅಪಹರಣದ ಕೇಸಿನ ಕೊನೆಯನ್ನೂ ಕೇಳಿ. 2018ರ ಸೆಪ್ಟೆಂಬರ್‌ನಲ್ಲಿ ಗೋಬಿಚೆಟ್ಟಿಪಾಳ್ಯದ ಕೋರ್ಟ್ ಬದುಕಿ ಉಳಿದಿದ್ದ ಒಂಬತ್ತು ಆರೋಪಿಗಳನ್ನೂ ಖುಲಾಸೆ ಮಾಡಿತು. ವೀರಪ್ಪನ್ 2004ರಲ್ಲಿಯೇ ಹತನಾಗಿದ್ದ, ರಾಜ್ 2006ರಲ್ಲಿ ತೀರಿಕೊಂಡಿದ್ದರು. ಹದಿನೆಂಟು ವರ್ಷದ ಮಾತಿನ ಸಂತೆ ಮುಗಿದಾಗ ಸಾಕ್ಷಿ ಸಾಲಲಿಲ್ಲ.

ಹೆಣ್ಣು ಮಕ್ಕಳ ವಿಷಯದಲ್ಲಂತೂ ಈ ಪ್ರಶ್ನೆಗೆ ಹರಿತ ಇನ್ನೂ ಹೆಚ್ಚು. ನಮ್ಮ ಮನೆಗಳಲ್ಲಿ ಮಲಯಾಳಂ ಚಾನೆಲ್ ನೋಡುವವರು ಬಹಳ. 2017ರ ಫೆಬ್ರವರಿ 17ರ ರಾತ್ರಿ ತೃಶ್ಶೂರಿನಿಂದ ಕೊಚ್ಚಿಗೆ ಬರುತ್ತಿದ್ದ ನಟಿಯನ್ನು ಕಾರಿನಲ್ಲಿಯೇ ಅಪಹರಿಸಿ ದೌರ್ಜನ್ಯ ಮಾಡಿದ್ದನ್ನು ನಾವು ಊಟ ಮಾಡುತ್ತಾ ನೋಡಿದವರು. ಅಷ್ಟು ಕಷ್ಟವಾಗಿದ್ದರೆ ಮರುದಿನವೇ ಶೂಟಿಂಗಿಗೆ ಹೋದದ್ದು ಹೇಗೆ ಎಂದು ಶಾಸಕ ಪಿ.ಸಿ. ಜಾರ್ಜ್ ಬಹಿರಂಗವಾಗಿಯೇ ಕೇಳಿದರು. ಕೇಳಿದ್ದು ಅವರು, ಸರಿ. ಆದರೆ ಟಿವಿ ಎದುರು ಕೂತು ‘ರಾತ್ರಿ ಒಬ್ಬಳೇ ಯಾಕೆ ಹೊರಟದ್ದು’ ಎಂದದ್ದು ಯಾರು? ಆಕೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಕೋರ್ಟಿಗೆ ಅಲೆದರು. 2025ರ ಡಿಸೆಂಬರ್‌ನಲ್ಲಿ ಆರು ಮಂದಿಗೆ ಶಿಕ್ಷೆಯಾಯಿತು, ನಟ ದಿಲೀಪ್ ಖುಲಾಸೆಯಾದರು. ತೀರ್ಪಿನ ಬಗ್ಗೆ ಯಾರು ಏನೇ ಹೇಳಲಿ, ಆಕೆ ಆ ರಾತ್ರಿಯೇ ದೂರು ಕೊಡದೆ ಬಾಯಿ ಮುಚ್ಚಿಕೊಂಡಿದ್ದರೆ ಆ ಆರು ಮಂದಿ ಇವತ್ತಿಗೂ ಆರಾಮಾಗಿ ತಿರುಗುತ್ತಿದ್ದರು.

ಈ ಪ್ರಶ್ನೆ ಹೊಸತಲ್ಲ ಎಂಬುದು ಮದ್ರಸಕ್ಕೆ ಹೋದ ನಮ್ಮ ಮಕ್ಕಳಿಗೂ ಗೊತ್ತಿರಬೇಕು. ಬೀವಿ ಆಯಿಷಾ (ರ) ಅವರ ಮೇಲೆ ಅಪವಾದ ಹೊರಿಸಿದ ‘ಇಫ್ಕ್’ ಘಟನೆಯನ್ನು ಉಸ್ತಾದರು ಪ್ರತಿ ವರ್ಷ ಹೇಳುತ್ತಾರೆ. ಪ್ರಯಾಣದಲ್ಲಿ ಕಳೆದುಹೋದ ಸರ ಹುಡುಕಲು ಹೋದವರು ಹಿಂದೆ ಉಳಿದರು. ಖಾಫಿಲಾ ಹೋಗಿಬಿಟ್ಟಿತ್ತು. ಹಿಂದಿನಿಂದ ಬಂದ ಸಫ್ವಾನ್ (ರ) ಒಂಟೆಯ ಮೇಲೆ ಕೂರಿಸಿ ಕರೆತಂದರು. ಅಷ್ಟೇ. ಯಾಕೆ ಹಿಂದೆ ಉಳಿದದ್ದು ಎಂಬ ಒಂದು ಪ್ರಶ್ನೆ ಮದೀನದಲ್ಲಿ ಒಂದು ತಿಂಗಳು ಮನೆಯಿಂದ ಮನೆಗೆ ನಡೆಯಿತು. ಕಾಯಿಲೆ ಮಲಗಿದ್ದ ಬೀವಿಗೆ ಸುದ್ದಿ ತಲುಪಿದ್ದು ಎಲ್ಲರಿಗೂ ಕೊನೆಗೆ. ಹರಡಿದವರಲ್ಲಿ ಕಪಟಿಗಳು ಮಾತ್ರ ಇರಲಿಲ್ಲ, ಅವರ ತಂದೆ ಅಬೂಬಕ್ಕರ್ (ರ) ಅವರ ಖರ್ಚಿನಲ್ಲಿ ಬದುಕುತ್ತಿದ್ದ ನೆಂಟ ಮಿಸ್ತಹ್ ಕೂಡ ಇದ್ದರು. ಕೇಳಿದ ಕೂಡಲೇ ಇದು ಸುಳ್ಳು ಎಂದು ಯಾಕೆ ಹೇಳಲಿಲ್ಲ ಎಂದು ಸೂರಃ ನೂರ್ ಕೇಳುವುದು ಹರಡಿದವರನ್ನು ಮಾತ್ರ ಅಲ್ಲ, ಕೇಳಿ ಸುಮ್ಮನೆ ಕೂತವರನ್ನೂ.

ಅಲ್ಲಿಯೇ ಒಂದು ಮನೆಯ ಚಿತ್ರ ಉಂಟು. ಅಬೂ ಅಯ್ಯೂಬ್ ಅನ್ಸಾರಿ (ರ) ಅವರ ಪತ್ನಿ, ಜನ ಹೇಳುವುದನ್ನು ಕೇಳಿದಿರಾ ಎಂದು ಗಂಡನಲ್ಲಿ ಕೇಳಿದರು. ನೀನು ಆ ಜಾಗದಲ್ಲಿದ್ದರೆ ಹಾಗೆ ಮಾಡುತ್ತಿದ್ದೆಯಾ ಎಂದು ಅವರು ತಿರುಗಿ ಕೇಳಿದರು. ಇಲ್ಲ ಎಂದರು ಪತ್ನಿ. ಹಾಗಾದರೆ ಆಯಿಷಾ ನಿನಗಿಂತ ಉತ್ತಮರು ಎಂದು ಹೇಳಿ ಮಾತು ನಿಲ್ಲಿಸಿದರು. ನಮ್ಮ ಅಡುಗೆಮನೆಗಳಲ್ಲಿ, ರಾತ್ರಿ ಊಟದ ಹೊತ್ತಿನಲ್ಲಿ, ಇಂಥ ಮಾತು ಎಷ್ಟು ಸಲ ಬರುತ್ತದೆ, ಎಷ್ಟು ಸಲ ಹೀಗೆ ನಿಲ್ಲುತ್ತದೆ?

ಕಳೆದ ವರ್ಷ, 2025ರ ಫೆಬ್ರವರಿ ಕೊನೆಯಲ್ಲಿ, ನಮ್ಮ ಫರಂಗಿಪೇಟೆಯಲ್ಲಿ ಒಬ್ಬ ವಿದ್ಯಾರ್ಥಿ ಕಾಣೆಯಾದ. ರೈಲು ಹಳಿಯ ಹತ್ತಿರ ಚಪ್ಪಲಿ ಸಿಕ್ಕಿತು. ಅಪಹರಣವೇ ಎಂದು ತೀರ್ಮಾನವಾಗಿ ಬೀದಿಯಲ್ಲಿ ಪ್ರತಿಭಟನೆ ನಡೆಯಿತು, ಬೆರಳು ಯಾವ ಕಡೆಗೆ ತಿರುಗಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ನಮ್ಮ ಅಂಗಡಿಯವರು ಬೇಗ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದರು. ಮಾರ್ಚ್ 8ರಂದು ಹುಡುಗ ಉಡುಪಿಯಲ್ಲಿ ಸಿಕ್ಕಿದ. ಪರೀಕ್ಷೆಯ ಹೆದರಿಕೆಯಿಂದ ತಾನೇ ಹೋಗಿದ್ದ. ನಮಗೆ ಉಸಿರು ಬಂತು, ಅದು ಸಹಜ. ಆದರೆ ಅದೇ ರಾತ್ರಿ ನಮ್ಮ ಗ್ರೂಪುಗಳಲ್ಲಿ ಏನು ಬಂತು? ಆ ಹುಡುಗನ ಮೇಲೆ ಜೋಕು, ಅವನ ತಂದೆ ತಾಯಿಯ ಮೇಲೆ ಮೀಮು. ನಮ್ಮ ಮೇಲೆ ಸುಳ್ಳು ಹೊರಿಸಿದವರು ಬೇರೆ, ಹನ್ನೊಂದು ದಿನ ಊಟ ನಿದ್ದೆ ಇಲ್ಲದೆ ಇದ್ದ ತಾಯಿ ಬೇರೆ. ಆ ವ್ಯತ್ಯಾಸ ನಮಗೆ ಹೊಳೆಯಲಿಲ್ಲ. ಫಾರ್ವರ್ಡ್ ಮಾಡಿದವರಲ್ಲಿ ನಮ್ಮ ಮನೆಯ ಮಕ್ಕಳೂ ಇದ್ದರು.

ಇಂಥ ಮಾತಿನ ನಷ್ಟ ಎಲ್ಲಿ ಆಗುತ್ತದೆ ಎಂದರೆ, ಮುಂದಿನ ಸಲ ಮಗು ಕಾಣೆಯಾದ ಮನೆಯಲ್ಲಿ. ನಮ್ಮ ಜಮಾಅತಿನಲ್ಲಿಯೇ ಕೆಲವು ವರ್ಷದ ಹಿಂದೆ ಒಬ್ಬಳು ಹುಡುಗಿ ಕಾಲೇಜಿನಿಂದ ಮನೆಗೆ ಬರಲಿಲ್ಲ. ಮನೆಯವರು ಸ್ಟೇಷನ್ನಿಗೆ ಹೋದದ್ದು ಮರುದಿನ ಲುಹರ್ ಕಳೆದ ಮೇಲೆ. ಅಷ್ಟು ಹೊತ್ತು ಏನು ಮಾಡಿದರು? ಯಾರಿಗೂ ಗೊತ್ತಾಗದ ಹಾಗೆ ನೆಂಟರಿಷ್ಟರ ಮನೆಗೆಲ್ಲ ಫೋನ್ ಮಾಡಿದರು. ಪೊಲೀಸರಿಗಿಂತ ಅವರಿಗೆ ಹೆದರಿಕೆ ಇದ್ದದ್ದು ನಮ್ಮದೇ. ಅಲ್‌ಹಮ್ದುಲಿಲ್ಲಾಹ್, ಹುಡುಗಿ ಸುರಕ್ಷಿತವಾಗಿ ಸಿಕ್ಕಿದಳು. ಆದರೂ ಅವಳ ಉಮ್ಮ ಬಹಳ ಕಾಲ ಮದುವೆ ಮನೆಗಳಿಗೆ ಬರಲಿಲ್ಲ.

ಮಗು ಕಾಣೆಯಾದರೆ ಅಪಹರಣ ಆಗಿರಬಹುದು ಎಂದೇ ಎಣಿಸಿ ಎಫ್‌ಐಆರ್ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿದೆ. 24 ಗಂಟೆ ಕಾಯಬೇಕು ಎಂಬುದು ಕಟ್ಟುಕಥೆ, ಅಂಥ ನಿಯಮ ಇಲ್ಲ. ಅಪಹರಣದ ದೂರನ್ನು ಯಾವ ಸ್ಟೇಷನ್ನಿನಲ್ಲಿ ಬೇಕಾದರೂ ಕೊಡಬಹುದು, ನಮ್ಮ ವ್ಯಾಪ್ತಿಯದಲ್ಲ ಎಂದು ವಾಪಸ್ ಕಳಿಸುವ ಹಾಗಿಲ್ಲ. 112 ಉಂಟು, ಮಕ್ಕಳಿಗಾದರೆ 1098 ಉಂಟು. ಮೊದಲ ಕೆಲವು ಗಂಟೆಗಳೇ ಮುಖ್ಯ, ಅವನ್ನು ನಾವು ಮಾನ ಮರ್ಯಾದೆಯ ಲೆಕ್ಕದಲ್ಲಿ ಕಳೆಯುತ್ತಿದ್ದೇವೆ.

ನಮ್ಮ ಜಮಾಅತಿನ ಮುಂದಿನ ಮಹಾಸಭೆಯಲ್ಲಿ ಒಂದು ವಿಷಯ ಇಡುವುದೆಂದು ಬಸ್ಸಿನಲ್ಲಿಯೇ ಮಾತಾಯಿತು. ಈ ಎರಡು ನಂಬರ್ ಮಸೀದಿಯ ಬೋರ್ಡಿನಲ್ಲಿ ಬರೆಯುವುದು. ಇಂಥ ಕಷ್ಟ ಬಂದ ಮನೆಯವರ ಜೊತೆ ಎಷ್ಟೇ ಹೊತ್ತಿಗಾದರೂ ಸ್ಟೇಷನ್ನಿಗೆ ಹೋಗಲು ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಹೆಸರು ಮೊದಲೇ ಗೊತ್ತಿರುವವರು. ಹೆಂಗಸರ ಹೆಸರು ಬೋರ್ಡಿನಲ್ಲಿ ಹಾಕುವುದಕ್ಕೆ ಕೆಲವರು ಒಪ್ಪಲಿಕ್ಕಿಲ್ಲ. ಅವರ ಹತ್ತಿರ ಮಾತಾಡಬೇಕಷ್ಟೆ. ಖತೀಬರು ಸೂರಃ ನೂರ್‌ನ ಆ ಭಾಗವನ್ನು ಒಂದು ಶುಕ್ರವಾರ ಬ್ಯಾರಿಯಲ್ಲಿ ವಿವರಿಸುತ್ತೇನೆ ಎಂದಿದ್ದಾರೆ.