ಸಸ್ಯಜನ್ಯವೆಂಬ ಒಂದೇ ಮಾತು ಸಾಲದು

ಗಾಂಜಾ ಗಿಡದಿಂದ ತಯಾರಿಸಿದ ಔಷಧವು ದೀರ್ಘಕಾಲದ ಹೊಟ್ಟೆನೋವಿಗೆ ಪರಿಹಾರವೆಂಬ ಮಾತು ಈಚೆಗೆ ಶ್ರಾವಕರ ಮನೆಗಳಲ್ಲಿಯೂ ಕೇಳಿಬರುತ್ತಿದೆ. ‘ವಿಜಯಾ’ ಎಂಬ ಶಾಸ್ತ್ರೀಯ ನಾಮ, ಆಯುರ್ವೇದದ ಮುದ್ರೆ, ‘ಸಸ್ಯಜನ್ಯ, ಆದುದರಿಂದ ಅಹಿಂಸಕ’ ಎಂಬ ಸಮರ್ಥನೆ, ಇಷ್ಟಾದರೆ ಸಾಕೆಂಬುದು ಹಲವರ ವಾದ. ಇದನ್ನು ಒಪ್ಪಲಾಗದು.

ಗೆಡ್ಡೆಗೆಣಸು ಸಸ್ಯವಲ್ಲವೆ? ಮದ್ಯವು ದ್ರಾಕ್ಷಿಯಿಂದಲೂ ಆಗುವುದಿಲ್ಲವೆ? ಆದರೂ ನಾವು ಅವುಗಳನ್ನು ತ್ಯಜಿಸಿದ್ದೇವೆ. ಮದ್ಯತ್ಯಾಗಕ್ಕೆ ಹಿಂಸೆಯಂತೆಯೇ ಪ್ರಮಾದವೂ ಕಾರಣ. ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೇ ಚಿಕಿತ್ಸೆಯನ್ನು ನಿರೂಪಿಸಿದರು. ಔಷಧವೂ ಧರ್ಮದ ಪರೀಕ್ಷೆಗೆ ಒಳಪಟ್ಟದ್ದೇ.

ಇನ್ನು ಗುಣದ ಮಾತು. ನೆದರ್ಲೆಂಡ್ಸಿನಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತದಿಂದಲೋ ಶಸ್ತ್ರಚಿಕಿತ್ಸೆಯ ಅನಂತರವೋ ಹೊಟ್ಟೆನೋವು ಉಳಿದ 65 ರೋಗಿಗಳಲ್ಲಿ ಕೆಲವರಿಗೆ ಗಾಂಜಾದ ಸತ್ತ್ವವಾದ ಟಿ.ಎಚ್.ಸಿ. ಮಾತ್ರೆ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ನೋವು ಇಳಿದದ್ದು ಕ್ರಮವಾಗಿ ಶೇ. 40 ಮತ್ತು ಶೇ. 37, ಗಣನೀಯ ವ್ಯತ್ಯಾಸವಿಲ್ಲ. ಬಹುಕಾಲ ಗಾಂಜಾ ಸೇವಿಸಿದವರಲ್ಲಿ ಅದೇ ವಾಂತಿ, ಹೊಟ್ಟೆನೋವುಗಳಿಗೆ ಕಾರಣವಾಗುವುದನ್ನು 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ವಿವರಿಸಿದ್ದಾರೆ. ಕ್ಯಾನ್ಸರ್ ಚಿಕಿತ್ಸೆಯಿಂದಾಗುವ ವಾಂತಿಗೆ, ಮಕ್ಕಳ ಕೆಲವು ಬಗೆಯ ಅಪಸ್ಮಾರಕ್ಕೆ ಈ ಸತ್ತ್ವಗಳ ಉಪಯೋಗ ಸಿದ್ಧವಾಗಿದೆ, ನಿಜ. ಆದರೆ ಒಬ್ಬನ ಜಮೆಯನ್ನು ಇನ್ನೊಬ್ಬನ ಖಾತೆಗೆ ಬರೆಯುವುದು ಲೆಕ್ಕಪತ್ರದಲ್ಲಿಯೂ ಸಲ್ಲದು.

‘ಕಾನೂನು ಒಪ್ಪಿದೆಯಲ್ಲ’ ಎನ್ನುವವರುಂಟು. 1985ರ ಮಾದಕ ವಸ್ತು ಕಾಯಿದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಹೂತೆನೆ. ಬಿಡಿ ಎಲೆ, ಬೀಜಗಳು ಅದರಲ್ಲಿ ಸೇರಿಲ್ಲ. ಆದರೆ ಔಷಧ ನಿಯಮಗಳು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿಯೇ ಭಂಗಿಯನ್ನಿರಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂದಿವೆ. ಇದನ್ನು ಮಾರುವವರು ಗಟ್ಟಿಯಾಗಿ ಹೇಳುವುದಿಲ್ಲ.

ಹಾಗೆಂದು ‘ನೋವು ಕರ್ಮಫಲ, ಸಹಿಸಿಕೊಳ್ಳಿ’ ಎಂಬ ಉಪದೇಶವೂ ಅಧರ್ಮವೇ. ವೇದನೆಯಲ್ಲಿ ಮುಳುಗಿದ ಮನಸ್ಸು ಆರ್ತಧ್ಯಾನಕ್ಕೆ ಬೀಳುತ್ತದೆ. ಅದರಿಂದ ಪಾರುಮಾಡುವುದೇ ಔಷಧದಾನ. ಕ್ಯಾನ್ಸರಿನ ಅಸಹನೀಯ ನೋವಿಗೆ ವೈದ್ಯರು ಅಳೆದು ಕೊಡುವ ಮಾರ್ಫಿನ್ ವ್ಯಸನವಲ್ಲ, ಕರುಣೆ. 2014ರ ತಿದ್ದುಪಡಿಯು ಅದು ರೋಗಿಗಳಿಗೆ ದೊರೆಯುವ ದಾರಿಯನ್ನು ಸುಗಮಗೊಳಿಸಿದೆ. ನನ್ನ ವಿರೋಧ ಗಿಡಕ್ಕಲ್ಲ, ಪರೀಕ್ಷಿಸದೆ ನಂಬುವುದಕ್ಕೆ.

ಆದುದರಿಂದ ಮಂದಿರಗಳ ಟ್ರಸ್ಟಿನವರಲ್ಲಿ ವಿನಂತಿ: ಪರ್ವದ ದಿನಗಳಲ್ಲಿ ಇಂತಹ ಔಷಧಗಳ ಮಾರಾಟಕ್ಕೆ ಆವರಣದಲ್ಲಿ ಜಾಗ ಕೊಡಬೇಡಿ. ತಿಂಗಳುಗಟ್ಟಲೆ ಕಾಡುವ ಹೊಟ್ಟೆನೋವಿನ ಹಿಂದೆ ಪಿತ್ತಕೋಶದ ಕಲ್ಲಿರಬಹುದು, ಕ್ಷಯವಿರಬಹುದು, ಗಡ್ಡೆಯಿರಬಹುದು. ನೋವನ್ನು ಮರೆಸುವ ಹನಿ ಆ ರೋಗವನ್ನೂ ಮರೆಸೀತು. ಚಿಂತಾಮಣಿಯ ಬಡ ರೋಗಿಗೆ ತಜ್ಞರ ಬಳಿಗೆ ಹೋಗಲು ಬೆಂಗಳೂರು ಸುಮಾರು 75 ಕಿ.ಮೀ. ದೂರ. ಆ ಪ್ರಯಾಣಕ್ಕೆ, ಸ್ಕ್ಯಾನಿಂಗಿಗೆ, ಎಂಡೋಸ್ಕೋಪಿಗೆ ದಾನನಿಧಿಯಿಂದ ಹಣ ತೆಗೆದಿಡಿ. ಔಷಧದಾನವು ರೋಗನಿರ್ಣಯದಿಂದಲೇ ಆರಂಭವಾಗಲಿ.