ಫೋಲ್ಡರುಗಳಲ್ಲಿ ಹೂತ ಕನ್ನಡವನ್ನು ಹೊರತೆಗೆಯಿರಿ!



ನಾನು ಓದಿದ್ದು ಪಿಯುಸಿ, ಹೊಟ್ಟೆಪಾಡು ಮುದ್ರಣಾಲಯ. ಕಂಪ್ಯೂಟರ್ ವಿದ್ಯೆ ಕಲಿತ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ಊರೂರಿನ ಪ್ರೆಸ್ಸುಗಳ ಕಂಪ್ಯೂಟರುಗಳಲ್ಲಿ ಏನಿದೆ ಗೊತ್ತೇ? ಕವನ ಸಂಕಲನ, ನಾಟಕ, ಸ್ಮರಣ ಸಂಚಿಕೆ. ವರ್ಷದ ಫೋಲ್ಡರು, ಅದರೊಳಗೆ ಗಿರಾಕಿಯದು, ಅದರೊಳಗೆ ‘ಕರೆಕ್ಷನ್’, ಅದರೊಳಗೆ ‘ಫೈನಲ್’! ಎಷ್ಟೋ ಫೈಲುಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿವೆ. ಅಲ್ಲಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕನ್ನಡ ಬರೀ ಫಾಂಟು ತೊಡಿಸಿದ ವೇಷ. ಫಾಂಟು ಹೋದರೆ ವೇಷವೂ ಕಳಚಿತು. ‘ಬೇಂದ್ರೆ’ ಎಂದು ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಈ ಬರಹಗಳು ಇನ್ನೂ ಹೊರಗೇ ನಿಂತಿವೆ!

ಒಂದೊಂದೇ ಫೈಲು ತೆರೆಯುತ್ತ ಕೂತರೆ ಆಯುಸ್ಸು ಸಾಲದು. ಪೈಥಾನ್‌ನಲ್ಲಿ 2003ರಿಂದಲೂ ‘ಓಎಸ್.ವಾಕ್’ ಇದೆ. ಮೇಲಿನ ಫೋಲ್ಡರಿನ ಹೆಸರು ಕೊಡಿ. ಒಳಗೊಳಗೆ ತಳದವರೆಗೂ ಇಳಿಯುತ್ತದೆ. ಪ್ರತಿ ಫೋಲ್ಡರಿನಲ್ಲೂ ಮೂರು ಸಂಗತಿ ಒಪ್ಪಿಸುತ್ತದೆ: ಅದರ ದಾರಿ, ಒಳಗಿನ ಫೋಲ್ಡರುಗಳು, ಅಲ್ಲಿನ ಫೈಲುಗಳು. ದಾರಿಗೆ ಫೈಲಿನ ಹೆಸರು ಜೋಡಿಸಿ ತೆರೆಯಿರಿ, ಫಾಂಟಿಗೆ ತಕ್ಕ ಪರಿವರ್ತಕಕ್ಕೆ ಒಪ್ಪಿಸಿ, ‘ಯುಟಿಎಫ್-8’ ಎಂದು ಸ್ಪಷ್ಟವಾಗಿ ಹೇಳಿ ಬರೆಸಿ. ಮೂಲ ಫೈಲನ್ನು ಮುಟ್ಟಬೇಡಿ. ಹೊಸದನ್ನು ಬೇರೆ ಜಾಗದಲ್ಲಿಡಿ.

ಎಚ್ಚರ! ತೆರೆಯಲಾಗದ ಫೋಲ್ಡರು ಎದುರಾದರೆ ಓಎಸ್.ವಾಕ್ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ‘ಆನ್‌ಎರರ್’ ಎಂಬಲ್ಲಿ ನಿಮ್ಮದೊಂದು ಫಂಕ್ಷನ್ ಕೊಟ್ಟು, ಬಿಟ್ಟದ್ದೆಲ್ಲದರ ಪಟ್ಟಿ ಮಾಡಿಸಿ. ಅಲ್ಲೇ ಯಾರೋ ಮೇಷ್ಟ್ರು ಜೀವಮಾನದಲ್ಲಿ ಬರೆದ ಒಂದೇ ಪುಸ್ತಕ ಇರಬಹುದು!

ಪೇಜ್‌ಮೇಕರ್ ಫೈಲುಗಳನ್ನು ಹೀಗೆ ನೇರವಾಗಿ ಓದಲಾಗದು. ಮೊದಲು ಪೇಜ್‌ಮೇಕರಿನಿಂದಲೇ ಪಠ್ಯ ಹೊರತೆಗೆಯಬೇಕು. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದು ಓಡುವ ಹಳೆಯ ಕಂಪ್ಯೂಟರುಗಳು ಉಳಿದಿರುವಾಗಲೇ ಕೆಲಸ ಮುಗಿಯಬೇಕು.

ಸರ್ಕಾರ ಮಾಡಲಿ ಎನ್ನುತ್ತೀರಾ? ಯಾವ ಗಲ್ಲಿಯ ಪ್ರೆಸ್ಸಿನ ಯಾವ ಡಿಸ್ಕಿನಲ್ಲಿ ಏನಿದೆ ಎಂದು ಸರ್ಕಾರಕ್ಕೇನು ಗೊತ್ತು? ಪ್ರೆಸ್ಸು ಮುಚ್ಚಿದ ದಿನ ಆ ಡಿಸ್ಕು ಗುಜರಿಗೆ ಹೋಗುತ್ತದೆ. ಕಂಪನಿಗಾಗಿ ದಿನವಿಡೀ ಕೋಡ್ ಬರೆಯುವ ನಿಮಗೆ ಇದು ಹತ್ತಿಪ್ಪತ್ತು ಸಾಲಿನ ಮಾತು. ನವೆಂಬರಿನಲ್ಲಿ ಬಾವುಟ ಹಾರಿಸಿದರಷ್ಟೇ ಸಾಲದು. ಈ ಭಾನುವಾರ ನಿಮ್ಮ ಬೀದಿಯ ಪ್ರೆಸ್ಸಿನ ಮೆಟ್ಟಿಲು ಹತ್ತಿ. ಮಾಲೀಕರ, ಲೇಖಕರ ಒಪ್ಪಿಗೆ ಕೇಳಿ. ಕೆಲಸ ಶುರುಮಾಡಿ!